ಹೆಸರು ಬರೆದುಕೊಂಡ ಪೊಲೀಸ್, ಹೆಸರು ಹೇಳದ ರಾಜ

ಓಟಿಟಿ ತೆರೆದರೆ ಸಾಕು, ಕಪ್ಪು ಜಾಕೆಟ್ ತೊಟ್ಟ ಕಮಾಂಡೋಗಳು ಮಧ್ಯರಾತ್ರಿ ಯಾರದೋ ಮನೆ ಬಾಗಿಲು ಒಡೀತಿರ್ತಾರೆ. ದಿಲ್ಲಿಯಿಂದ ಹೊರಟ ತಂಡ. ರಾಜ್ಯದ ಗಡಿ ಅವರಿಗೆ ಲೆಕ್ಕಕ್ಕಿಲ್ಲ, ಲೋಕಲ್ ಠಾಣೆಗೆ ಕೊನೇ ಗಳಿಗೆಯಲ್ಲಿ ಒಂದು ಫೋನು ಹೋದರೆ ಹೆಚ್ಚು. ನಮಗೆ ಇದೆಲ್ಲ ತೀರಾ ಇತ್ತೀಚಿನದು ಅನ್ನಿಸುತ್ತೆ, ಎನ್‌ಐಎ ಬಂದ ಮೇಲೆ ಶುರುವಾದದ್ದು ಅಂತ. ಆದರೆ ಇಂಥ ಪೊಲೀಸಿಂಗಿನ ಮುತ್ತಜ್ಜ ಸುಮಾರು 190 ವರ್ಷಗಳ ಹಿಂದೆಯೇ ಈ ದೇಶದಲ್ಲಿ ಹುಟ್ಟಿಯಾಗಿತ್ತು. ನಮ್ಮ ಬೀದರ್ ಸೀಮೆ ಅದರ ಓಡಾಟದ ನಟ್ಟನಡುವೆ ಇತ್ತು.

ನಕ್ಷೆ ತೆಗೆದು ಮೂರು ಊರು ಗುರುತು ಹಾಕಿ. ಪಶ್ಚಿಮಕ್ಕೆ ತುಳಜಾಪುರ, ಉತ್ತರಕ್ಕೆ ಹಿಂಗೋಲಿ, ಪೂರ್ವಕ್ಕೆ ಹೈದರಾಬಾದ್. ಗೆರೆ ಎಳೆದರೆ ಬರುವ ತ್ರಿಕೋನದ ಒಳಗೆ ಬೀದರ್, ಭಾಲ್ಕಿ, ಔರಾದ್ ಮೂರೂ ಸಿಗುತ್ತವೆ. ಒಬ್ಬ ಮನುಷ್ಯನ ಪೊಲೀಸ್ ಬದುಕು ಈ ಮೂರು ಮೂಲೆಗಳಲ್ಲೇ ಕಳೆಯಿತು. ಹೆಸರು ಫಿಲಿಪ್ ಮೆಡೋಸ್ ಟೇಲರ್. ಸುರಪುರದವರಿಗೆ ಆತ ಟೇಲರ್ ಮಂಜಿಲ್ ಕಟ್ಟಿಸಿದ ಸಾಹೇಬ. ಇಂಗ್ಲಿಷ್ ಸಾಹಿತ್ಯ ಓದಿದವರಿಗೆ 'ಕನ್ಫೆಷನ್ಸ್ ಆಫ್ ಎ ಥಗ್' ಬರೆದ ಕಾದಂಬರಿಕಾರ. ಪೊಲೀಸ್ ಟೇಲರ್ ಬಗ್ಗೆ ನಾವು ಮಾತಾಡೋದು ಕಡಿಮೆ. ಇವತ್ತಿನ ದಿನಕ್ಕೆ ಹೆಚ್ಚು ಬೇಕಾಗಿರೋದು ಅವನೇ.

1808ರಲ್ಲಿ ಲಿವರ್‌ಪೂಲ್‌ನಲ್ಲಿ ಹುಟ್ಟಿದ ಈ ಹುಡುಗ, ಹದಿನೈದನೇ ವಯಸ್ಸಿಗೆ ಹಡಗು ಹತ್ತಿ ಬಾಂಬೆಗೆ ಬಂದ. ಅಲ್ಲಿನ ಒಬ್ಬ ವ್ಯಾಪಾರಿ ತನ್ನ ಅಂಗಡಿಯಲ್ಲಿ ಕೆಲಸ, ಮುಂದೆ ಪಾಲು ಕೊಡ್ತೀನಿ ಅಂತ ಕರೆಸಿಕೊಂಡಿದ್ದ. ಬಂದು ನೋಡಿದರೆ ಅಂಗಡಿಯೇ ಸಾಲದಲ್ಲಿ ಮುಳುಗಿತ್ತು. ಬಾಂಬೆ ಸರ್ಕಾರದಲ್ಲಿ ದೊಡ್ಡ ಹುದ್ದೆಯಲ್ಲಿದ್ದ ಸಂಬಂಧಿಕನೊಬ್ಬನ ಶಿಫಾರಸಿನಿಂದ 1824ರ ಕೊನೆಗೆ ನಿಜಾಮನ ಸೈನ್ಯದಲ್ಲಿ ಜಾಗ ಸಿಕ್ಕಿತು. ಗಮನಿಸಿ, ಕಂಪನಿ ಸೈನ್ಯದಲ್ಲಿ ಅಲ್ಲ. ಸಂಬಳ ಕೊಡುತ್ತಿದ್ದದ್ದು ನಿಜಾಮ, ಅಧಿಕಾರಿಗಳು ಬ್ರಿಟಿಷರು, ಹುಕುಂ ಹೈದರಾಬಾದಿನ ಬ್ರಿಟಿಷ್ ರೆಸಿಡೆಂಟ್‌ನದು. ಕೇಂದ್ರ ಮತ್ತು ರಾಜ್ಯದ ನಡುವಿನ ಹಗ್ಗಜಗ್ಗಾಟದ ಬಗ್ಗೆ ಈಗ ನಾವು ತಲೆ ಕೆಡಿಸಿಕೊಳ್ತೀವಲ್ಲ, ಆ ಕಾಲದ ಹೈದರಾಬಾದ್ ಅದರ ಇನ್ನೊಂದು ಅವತಾರ. ಟೇಲರ್ ಬದುಕಿಡೀ ಈ ಎರಡು ಯಜಮಾನರ ನಡುವೆಯೇ ನಡೆಯಿತು.

ಆಗಿನ ಹೈದರಾಬಾದ್ ರಾಜ್ಯದ ಸ್ಥಿತಿ ಹೇಳದೆ ಅವನ ಕೆಲಸ ಅರ್ಥವಾಗಲ್ಲ. ದಿವಾನ್‌ಗಿರಿ ನಡೆಸುತ್ತಿದ್ದ ಚಂದೂಲಾಲ್ ಕಂದಾಯ ವಸೂಲಿಯನ್ನು ಇಜಾರಕ್ಕೆ ಕೊಡುತ್ತಿದ್ದ. ಹೆಚ್ಚು ಹಣ ಕೂಗಿದವನಿಗೆ ತಾಲೂಕು. ಅವನು ರೈತನನ್ನು ಹಿಂಡಿ ಹಾಕಿದ ಬಂಡವಾಳ ತೆಗೆದುಕೊಳ್ಳಬೇಕು. ಅರಬ್ ಮತ್ತು ರೋಹಿಲಾ ಬಾಡಿಗೆ ಸಿಪಾಯಿಗಳು ಸಾಲ ಕೊಡುವ ಸಾಹುಕಾರರೂ ಆಗಿದ್ದರು, ವಸೂಲಿಗೆ ಬಂದೂಕು ಹಿಡಿದು ಬರುತ್ತಿದ್ದರು. 1818ಕ್ಕೆ ಮರಾಠಾ ಯುದ್ಧಗಳು ಮುಗಿದಿದ್ದರಿಂದ ಕೆಲಸ ಕಳೆದುಕೊಂಡ ಸೈನಿಕರು ದಕ್ಷಿಣದ ತುಂಬ ಅಲೆಯುತ್ತಿದ್ದರು. 1820ರ ಹೊತ್ತಿಗೆ ಉದಗೀರ್ ಕಡೆಯ ದೇಶಮುಖರು ದಂಗೆಯೆದ್ದರು, ಬ್ರಿಟಿಷ್ ಅಧಿಕಾರಿಗಳ ಕೆಳಗಿನ ಪಡೆ ಅದನ್ನು ಹೊಸಕಿ ಹಾಕಿತು. ಉದಗೀರ್ ಈಗ ಮಹಾರಾಷ್ಟ್ರದಲ್ಲಿದೆ. ಆದರೆ 1956ರವರೆಗೆ ಅದು ಬೀದರ್ ಜಿಲ್ಲೆಯ ತಾಲೂಕೇ. ಭಾಲ್ಕಿ, ಔರಾದ್ ಕಡೆಯವರಿಗೆ ಇವತ್ತಿಗೂ ಅದು ನೆಂಟರ ಊರು, ಸಂತೆಯ ಊರು.

ಈ ಗೊಂದಲ ತಡೆಯಲು ರೆಸಿಡೆಂಟ್ ಚಾರ್ಲ್ಸ್ ಮೆಟ್‌ಕಾಫ್ ಒಂದು ಉಪಾಯ ಮಾಡಿದ. ನಿಜಾಮನ ಜಿಲ್ಲೆಗಳ ಮೇಲೆ ಬ್ರಿಟಿಷ್ ಅಧಿಕಾರಿಗಳನ್ನು ಮೇಲ್ವಿಚಾರಕರನ್ನಾಗಿ ಕೂರಿಸಿದ. ಹಾಗೆ ಹುಟ್ಟಿದ ಹುದ್ದೆಗಳಲ್ಲೊಂದು ರಾಜ್ಯದ ನೈರುತ್ಯ ಭಾಗದ ಅಸಿಸ್ಟೆಂಟ್ ಪೊಲೀಸ್ ಸೂಪರಿಂಟೆಂಡೆಂಟ್. ಆ ಕುರ್ಚಿಗೆ ಬಂದಾಗ ಟೇಲರ್‌ಗೆ ಇನ್ನೂ ಇಪ್ಪತ್ತು ತುಂಬಿರಲಿಲ್ಲ. ಈಗಿನ ಕಾಲದಲ್ಲಾದರೆ ಡಿಗ್ರಿ ಎರಡನೇ ವರ್ಷ.

ಆದರೆ ಹುಡುಗನಿಗೆ ಒಂದು ಗುಣವಿತ್ತು. ಹಿಂದೂಸ್ತಾನಿ, ಮರಾಠಿ ಎರಡನ್ನೂ ದುಭಾಷಿ ಬೇಡವೆನ್ನುವಷ್ಟು ಕಲಿತ. ಡೇರೆ ಹಾಕಿಕೊಂಡು ಹಳ್ಳಿಯಿಂದ ಹಳ್ಳಿಗೆ ಹೋಗುತ್ತಿದ್ದ. ಪಟೇಲರು, ಕುಲಕರ್ಣಿಗಳು, ಸಂತೆಗೆ ಬಂದ ವ್ಯಾಪಾರಿಗಳು, ಯಾತ್ರಿಕರು, ಎಲ್ಲರ ಜೊತೆ ಕೂತು ಮಾತಾಡುತ್ತಿದ್ದ. ತುಳಜಾಪುರದ ಭವಾನಿ ಗುಡಿಯ ಪಕ್ಕದಲ್ಲಿ ಇದ್ದ ದಿನಗಳನ್ನು ಅವನು ಮರೆಯಲೇ ಇಲ್ಲ. ಮುಂದೆ 1863ರಲ್ಲಿ ಬಂದ 'ತಾರಾ' ಕಾದಂಬರಿಯ ಕಥೆ ನಡೆಯೋದೇ ಆ ಊರಿನಲ್ಲಿ. ಜೊತೆಗೆ ಕಾರ್ಯಾಚರಣೆಗಳೂ ಇದ್ದವು. ಹಳ್ಳಿಗಳನ್ನು ಲೂಟಿ ಮಾಡಿ ಕೋಟೆಯೊಳಗೆ ಸೇರಿಕೊಂಡಿದ್ದ ಒಬ್ಬ ಜಮೀನ್ದಾರನನ್ನು, ಕೈಬೆರಳೆಣಿಕೆಯ ಸವಾರರೊಂದಿಗೆ ರಾತ್ರಿ ಪ್ರಯಾಣ ಮಾಡಿ ಹಿಡಿದ ಕಥೆ ಅವನ ಆತ್ಮಕಥೆಯಲ್ಲಿದೆ. ಈಗಿನ ಭಾಷೆಯಲ್ಲಿ ಅದನ್ನು ಟ್ಯಾಕ್ಟಿಕಲ್ ಆಪರೇಷನ್ ಅಂತೀವಿ. ಸಣ್ಣ ತಂಡ, ವೇಗ, ಮೊದಲೇ ಸಿಕ್ಕ ಸುಳಿವು. ಆ ಸುಳಿವು ಕೊಟ್ಟವರು ಯಾರು? ಅವನು ಕೂತು ಮಾತಾಡಿಸಿದ್ದ ಜನವೇ.

ಇಲ್ಲಿವರೆಗಿನ ಟೇಲರ್ ನನಗೆ ಇಷ್ಟ. ವಸಾಹತು ಆಡಳಿತದ ಚಾಕರಿಯವನು ಹೌದು, ಆದರೆ ಜನರ ಮಾತು ಗೊತ್ತಿದ್ದ ಪೊಲೀಸ್.

1829ರ ಆಸುಪಾಸಿನಲ್ಲಿ ಅವನ ಸೀಮೆಯ ದಾರಿಗಳಲ್ಲಿ ಹೆಣಗಳು ಸಿಗತೊಡಗಿದವು. ಕತ್ತು ಬಿಗಿದು ಸತ್ತ ಪ್ರಯಾಣಿಕರು. ಯಾರು, ಎಲ್ಲಿಂದ ಬಂದವರು ಅಂತ ಹೇಳುವವರಿಲ್ಲ. ದೂರು ಕೊಡಲೂ ಯಾರೂ ಬರುತ್ತಿರಲಿಲ್ಲ, ಯಾಕಂದರೆ ಸತ್ತವನ ಮನೆ ನೂರಾರು ಮೈಲಿ ಆಚೆ. ಟೇಲರ್‌ಗೆ ಅನುಮಾನ ಬಂತು, ವಿಚಾರಿಸತೊಡಗಿದ. ಅಷ್ಟರಲ್ಲಿ ರಾಜಕೀಯ ಬದಲಾಯಿತು. 1829ರಲ್ಲಿ ನಿಜಾಮ ಸಿಕಂದರ್ ಜಾ ತೀರಿಕೊಂಡ. ಹೊಸ ನಿಜಾಮ ನಾಸಿರ್ ಉದ್ ದೌಲಾ ಮಾಡಿದ ಮೊದಲ ಕೆಲಸಗಳಲ್ಲೊಂದು, ನನ್ನ ಜಿಲ್ಲೆಗಳಿಂದ ನಿಮ್ಮ ಅಧಿಕಾರಿಗಳನ್ನು ವಾಪಸ್ ಕರೆಸಿಕೊಳ್ಳಿ ಅಂತ ಬ್ರಿಟಿಷರನ್ನು ಕೇಳಿದ್ದು. ಸ್ವಾಯತ್ತತೆಯ ಬೇಡಿಕೆ, ನ್ಯಾಯವಾದದ್ದೇ. ಟೇಲರ್ ಕುರ್ಚಿ ಹೋಯಿತು, ಸೈನ್ಯಕ್ಕೆ ಮರಳಿದ. ಇನ್ನೊಂದಿಷ್ಟು ದಿನ ಇದ್ದಿದ್ದರೆ ಠಕ್ಕರನ್ನು ಪತ್ತೆ ಮಾಡಿದ ಮೊದಲಿಗ ನಾನೇ ಆಗಿರುತ್ತಿದ್ದೆ ಅನ್ನೋ ಕೊರಗು ಅವನಿಗೆ ಕೊನೆವರೆಗೂ ಇತ್ತು.

ಆ ಹೆಸರು ಇನ್ನೊಬ್ಬನ ಪಾಲಾಯಿತು. ಜಬಲ್ಪುರದ ವಿಲಿಯಂ ಸ್ಲೀಮನ್. 1830ರ ದಶಕದಲ್ಲಿ ಅವನು ಕಟ್ಟಿದ ಠಕ್ಕರ ನಿಗ್ರಹ ವ್ಯವಸ್ಥೆಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಯಾಕಂದರೆ ನಾವು ಈಗಲೂ ಅದರ ನೆರಳಲ್ಲೇ ಇದ್ದೀವಿ.

ಮೊದಲು ಒಬ್ಬನನ್ನು ಹಿಡಿಯುತ್ತಿದ್ದರು. ಗಲ್ಲಿನ ಭಯ ಇಟ್ಟು, ಜೀವ ಉಳಿಸ್ತೀವಿ, ಗೊತ್ತಿದ್ದವರ ಹೆಸರೆಲ್ಲ ಹೇಳು ಅನ್ನುತ್ತಿದ್ದರು. ಅವನು ಮಾಫಿ ಸಾಕ್ಷಿಯಾಗುತ್ತಿದ್ದ. ಅವನು ಹೇಳಿದ ಹೆಸರುಗಳು ರಿಜಿಸ್ಟರ್‌ಗೆ ಹೋಗುತ್ತಿದ್ದವು, ವಂಶಾವಳಿ ಸಮೇತ. ಆಮೇಲೆ ಸಣ್ಣ ಸಣ್ಣ ಸಿಪಾಯಿ ತಂಡಗಳು ಹೊರಡುತ್ತಿದ್ದವು, ಬೇಡಿ ಹಾಕಿದ ಮಾಫಿ ಸಾಕ್ಷಿಯನ್ನು ಮುಂದಿಟ್ಟುಕೊಂಡು. ಅವನು ಬೆರಳು ತೋರಿಸಿದವನ ಬಂಧನ, ತೋರಿಸಿದ ಜಾಗದಲ್ಲಿ ಅಗೆತ. ನಿಜಾಮನ ಸೀಮೆಯೋ ಸಿಂಧಿಯಾನ ಸೀಮೆಯೋ, ಗಡಿ ಅಡ್ಡಿಯಾಗುತ್ತಿರಲಿಲ್ಲ. ಸಿಕ್ಕವರಲ್ಲಿ ಒಬ್ಬ ಮತ್ತೆ ಮಾಫಿ ಸಾಕ್ಷಿ, ಮತ್ತೆ ಹೆಸರು. ಹೀಗೆ ಒಬ್ಬರಿಂದ ಇನ್ನೊಬ್ಬರಿಗೆ ಹೋಗಿ ಹೋಗಿ 1840ರ ಹೊತ್ತಿಗೆ ಮೂರು ಸಾವಿರಕ್ಕೂ ಹೆಚ್ಚು ಜನ ವಿಚಾರಣೆಗೆ ಒಳಗಾಗಿದ್ದರು, ನಾನೂರಕ್ಕೂ ಹೆಚ್ಚು ಜನ ಗಲ್ಲಿಗೇರಿದ್ದರು.

ಇದಕ್ಕೆ ಬೇಕಾದ ಕಾನೂನು 1836ರಲ್ಲಿ ಬಂತು, ಆ ವರ್ಷದ 30ನೇ ಆಕ್ಟ್. ಇಂಥ ದಿನ ಇಂಥವನನ್ನು ಕೊಂದ ಅಂತ ಸಾಬೀತು ಮಾಡಬೇಕಿಲ್ಲ. ಠಕ್ಕರ ಗುಂಪಿಗೆ ಯಾವತ್ತಾದರೂ ಸೇರಿದ್ದ ಅಂತ ತೋರಿಸಿದರೆ ಸಾಕು, ಜೀವಾವಧಿ ಕಠಿಣ ಸಜೆ. ಸೇರಿದ್ದು ಕಾನೂನು ಬರೋಕೆ ಮೊದಲಾದರೂ ಸರಿ, ಕಂಪನಿಯ ಗಡಿಯ ಹೊರಗಾದರೂ ಸರಿ. ಠಕ್ಕ ಅಂದರೆ ಯಾರು ಅನ್ನುವ ವ್ಯಾಖ್ಯೆಯೇ ಕಾನೂನಿನಲ್ಲಿ ಇರಲಿಲ್ಲ. ಮರುವರ್ಷ ಬಂದ ಇನ್ನೊಂದು ಕಾಯ್ದೆ ಶಿಕ್ಷೆಯಾದವರ ಸಾಕ್ಷ್ಯವನ್ನೂ ಒಪ್ಪಿಕೊಂಡಿತು. ಯುಎಪಿಎ ಓದಿದವರಿಗೆ ಇದೆಲ್ಲ ಎಲ್ಲೋ ಕೇಳಿದಂತಿದೆ ಅನ್ನಿಸಬಹುದು. ಅದರ 10 ಮತ್ತು 20ನೇ ಸೆಕ್ಷನ್‌ಗಳೂ ಸದಸ್ಯತ್ವವನ್ನೇ ಅಪರಾಧ ಮಾಡುತ್ತವೆ. ಹಿಂಸೆಯಲ್ಲಿ ಭಾಗಿಯಾಗದ ಬರೀ ಸದಸ್ಯತ್ವಕ್ಕೆ ಶಿಕ್ಷೆ ಕೂಡದು ಅಂತ 2011ರಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು, 2023ರ ಮಾರ್ಚ್‌ನಲ್ಲಿ ಅದೇ ಕೋರ್ಟ್ ಆ ಮಾತನ್ನು ವಾಪಸ್ ತೆಗೆದುಕೊಂಡಿತು. ಒಂದು ವ್ಯತ್ಯಾಸ ಹೇಳಲೇಬೇಕು. ಈಗ ಮಾಫಿ ಸಾಕ್ಷಿಯ ಮಾತಿಗೆ ಬೇರೆ ಪುರಾವೆಯ ಬೆಂಬಲ ಇದೆಯಾ ಅಂತ ಕೋರ್ಟುಗಳು ಕೇಳುತ್ತವೆ. ಆಗ ಆ ಕೇಳ್ವಿಕೆ ಬಹಳ ತೆಳು, ಒಬ್ಬ ಮಾಫಿ ಸಾಕ್ಷಿಗೆ ಇನ್ನೊಬ್ಬ ಮಾಫಿ ಸಾಕ್ಷಿಯೇ ಬೆಂಬಲ.

ನಿಜಾಮನ ರಾಜ್ಯದಲ್ಲಿ ಈ ಕಾರ್ಯಾಚರಣೆ ಕ್ಯಾಪ್ಟನ್ ರೆನಾಲ್ಡ್ಸ್ ಕೈಯಲ್ಲಿತ್ತು. ಭಾಷೆ ಬಲ್ಲ ಟೇಲರ್ ಅವನ ಸಹಾಯಕ್ಕೆ ಬಂದ. ಕೆಲಸ ಅಂದರೆ ದಿನಗಟ್ಟಲೆ ಕೂತು ತಪ್ಪೊಪ್ಪಿಗೆ ಬರೆದುಕೊಳ್ಳೋದು. ಎಷ್ಟು ಜನ, ಯಾವ ದಾರಿ, ಯಾವ ಹಳ್ಳದ ದಂಡೆ, ರುಮಾಲು ಬೀಸಿದವನು ಯಾರು, ಕಾಲು ಹಿಡಿದವನು ಯಾರು, ಗುಂಡಿ ತೋಡಿದವನು ಯಾರು. ಮಳೆಗಾಲ ಮುಗಿದು ದಾರಿ ತೆರೆದುಕೊಂಡಾಗ ಹೊರಡೋದು, ಪ್ರಯಾಣಿಕರ ಸ್ನೇಹ ಬೆಳೆಸೋದು, ವಾರಗಟ್ಟಲೆ ಒಟ್ಟಿಗೆ ಉಂಡು ಮಲಗಿ ನಂಬಿಕೆ ಗಳಿಸಿ, ಒಂದು ರಾತ್ರಿ ಮುಗಿಸೋದು. ಹಿಂಗೋಲಿ ದಂಡಿನ ಬಜಾರಿನಲ್ಲಿ ಹರಿ ಸಿಂಗ್ ಎಂಬ ಮರ್ಯಾದಸ್ಥ ಬಟ್ಟೆ ವ್ಯಾಪಾರಿ ಇದ್ದ. ಬಾಂಬೆಯಿಂದ ಬಟ್ಟೆ ತರಿಸಿಕೊಳ್ಳಲು ಅಧಿಕಾರಿಗಳಿಂದಲೇ ಪರವಾನಗಿ ಪಡೆದು, ಅಂಥದೇ ಬಟ್ಟೆ ಹೇರಿಕೊಂಡು ಬರುತ್ತಿದ್ದ ಬೇರೊಬ್ಬ ವ್ಯಾಪಾರಿಯನ್ನು ದಾರಿಯಲ್ಲಿ ಕೊಂದು, ಆ ಮಾಲನ್ನು ಅದೇ ದಂಡಿನಲ್ಲಿ ಬಹಿರಂಗವಾಗಿ ಮಾರಿದ. ಅಧಿಕಾರಿಗಳೇ ಕೊಂಡರು.

ಹಾಗಾಗಿ ಠಕ್ಕರು ಕಟ್ಟುಕಥೆ ಅಂತ ತಳ್ಳಿಹಾಕೋಕೆ ಆಗಲ್ಲ. ಕೊಲೆಗಳು ನಿಜ, ಗುಂಡಿಗಳು ನಿಜ. ಆದರೆ ಕಾಳಿಗೆ ಬಲಿ ಕೊಡುವ, ಸಾವಿರಾರು ವರ್ಷಗಳ, ದೇಶದುದ್ದದ ಗುಪ್ತ ಧರ್ಮ ಅನ್ನೋ ಚಿತ್ರ ಬೇರೆ. ಅದು ಬಹುಪಾಲು ಇದೇ ರಿಜಿಸ್ಟರುಗಳಲ್ಲಿ ಬೆಳೆದದ್ದು. ಕಿಮ್ ವ್ಯಾಗ್ನರ್‌ರಂಥ ಇತಿಹಾಸಕಾರರು ಆ ಕಡತಗಳನ್ನೇ ಮತ್ತೆ ಓದಿ, ಅಲ್ಲಿ ಕಾಣೋದು ಕೆಲಸವಿಲ್ಲದ ಸೈನಿಕರು, ಲೂಟಿಯಲ್ಲಿ ಪಾಲು ಪಡೆಯುವ ಜಮೀನ್ದಾರರು, ಬಡತನದ ದರೋಡೆ ಅಂತ ತೋರಿಸಿದ್ದಾರೆ. ಜೀವ ಉಳಿಯಬೇಕಾದರೆ ಸಾಹೇಬನಿಗೆ ಏನು ಬೇಕೋ ಅದನ್ನೇ ಹೇಳಬೇಕು. ಎದುರಿಗೆ ಕೂತವನು ಕಥೆಗಾರನಾಗಿದ್ದರೆ?

ಟೇಲರ್ ಕಥೆಗಾರನೇ ಆಗಿದ್ದ. 1839ರಲ್ಲಿ ಲಂಡನ್ನಿನಲ್ಲಿ 'ಕನ್ಫೆಷನ್ಸ್ ಆಫ್ ಎ ಥಗ್' ಮೂರು ಸಂಪುಟಗಳಲ್ಲಿ ಬಂತು. ಅಮೀರ್ ಅಲಿ ಎಂಬ ಮಾಫಿ ಸಾಕ್ಷಿ ತನ್ನ 719 ಕೊಲೆಗಳ ಕಥೆಯನ್ನು ಒಬ್ಬ ಸಾಹೇಬನಿಗೆ ಹೇಳುತ್ತಾ ಹೋಗುವ ಕಾದಂಬರಿ. ಆ ಹೆಸರಿನ ನಿಜವಾದ ಕೈದಿಯೊಬ್ಬನನ್ನು ಟೇಲರ್ ಕಂಡಿದ್ದ. ರಾಣಿ ವಿಕ್ಟೋರಿಯಾ ಅಚ್ಚಾಗುವ ಮೊದಲೇ ಪುಟಗಳನ್ನು ತರಿಸಿಕೊಂಡು ಓದಿದಳಂತೆ. ಪುಸ್ತಕ ಒಳ್ಳೆಯದು, ಈಗ ಓದಿದರೂ ಕೆಳಗಿಡೋಕೆ ಮನಸ್ಸು ಬರಲ್ಲ. ತೊಂದರೆ ಇರೋದೇ ಅಲ್ಲಿ. ವಿಚಾರಣಾ ಕೊಠಡಿಯಲ್ಲಿ, ಬೇಡಿ ಹಾಕಿದವನ ಬಾಯಿಂದ ಬಂದದ್ದು ಅಷ್ಟು ರುಚಿಕಟ್ಟಾದ ಮೇಲೆ ಅದು ಸತ್ಯವಾ ಅಂತ ಕೇಳುವವರು ಯಾರು? ಈಗಿನ ಟಿವಿ ಚಾನೆಲ್‌ಗಳಲ್ಲಿ ಪೊಲೀಸ್ ಮೂಲಗಳ ಪ್ರಕಾರ ಆರೋಪಿ ಎಲ್ಲವನ್ನೂ ಬಾಯ್ಬಿಟ್ಟಿದ್ದಾನೆ ಅನ್ನೋ ಸುದ್ದಿ ಬರುತ್ತಲ್ಲ, ಅದರ ಮೊದಲ ಬೆಸ್ಟ್ ಸೆಲ್ಲರ್ ಇದು ಅನ್ನಬಹುದು.

ಅಪರಿಚಿತ ಪ್ರಯಾಣಿಕ ಅಂದರೆ ಕೊಲೆಗಾರ ಅನ್ನೋ ಭಯಕ್ಕೆ ಈ ಸೀಮೆಯಲ್ಲಿ ತೀರಾ ಹತ್ತಿರದ ನೆನಪೊಂದಿದೆ. 2018ರ ಜುಲೈನಲ್ಲಿ ಆಗಿನ ಔರಾದ್ ತಾಲೂಕಿನ ಮುರ್ಕಿಯಲ್ಲಿ, ಹೈದರಾಬಾದಿನಿಂದ ಕಾರಿನಲ್ಲಿ ಬಂದಿದ್ದವರ ಮೇಲೆ ಜನ ಮುಗಿಬಿದ್ದರು. ಮಕ್ಕಳಿಗೆ ಚಾಕಲೇಟ್ ಕೊಟ್ಟಿದ್ದೇ ಅವರ ತಪ್ಪು. ಮಕ್ಕಳ ಕಳ್ಳರು ಬಂದಿದ್ದಾರೆ ಅಂತ ವಾಟ್ಸಾಪ್‌ನಲ್ಲಿ ಹಬ್ಬಿತು, ಒಬ್ಬ ಯುವಕನ ಜೀವ ಹೋಯಿತು, ತಡೆಯಲು ಹೋದ ಪೊಲೀಸರಿಗೂ ಪೆಟ್ಟು ಬಿತ್ತು. ಅಲ್ಲಿ ಮಾಫಿ ಸಾಕ್ಷಿಯೂ ಇರಲಿಲ್ಲ, ರಿಜಿಸ್ಟರೂ ಇರಲಿಲ್ಲ, ಬೆರಳು ತೋರಿಸಿದ್ದೇ ಸಾಕಾಯಿತು. 1871ರ ಕ್ರಿಮಿನಲ್ ಟ್ರೈಬ್ಸ್ ಆಕ್ಟ್ ಇಡೀ ಸಮುದಾಯಗಳನ್ನೇ ಹುಟ್ಟಿನಿಂದ ಅಪರಾಧಿಗಳು ಅಂತ ಬರೆದುಕೊಂಡಾಗಲೂ ಠಕ್ಕರ ಕಾಲದ ತರ್ಕವೇ ಮುಂದುವರಿದಿತ್ತು. ಆ ಹಣೆಪಟ್ಟಿ ಕಿತ್ತುಹಾಕಲು 1952ರವರೆಗೆ ಕಾಯಬೇಕಾಯಿತು.

ಟೇಲರ್‌ನ ಖಾಸಗಿ ಬದುಕೂ ಈ ಮಣ್ಣಿನದೇ. ಹೈದರಾಬಾದಿನ ಬ್ಯಾಂಕರ್ ವಿಲಿಯಂ ಪಾಮರ್ ಮಗಳು ಮೇರಿಯನ್ನು ಮದುವೆಯಾದ. ಪಾಮರ್ ತಾಯಿ ಒಬ್ಬ ಮುಸ್ಲಿಂ ಬೇಗಂ. 1844ರಲ್ಲಿ ಮೇರಿ ತೀರಿಕೊಂಡಳು.

ಅಷ್ಟರಲ್ಲಿ ಅವನು ಸುರಪುರಕ್ಕೆ ಬಂದಾಗಿತ್ತು. 1841ರಲ್ಲಿ ಅಲ್ಲಿನ ಬೇಡ ಸಂಸ್ಥಾನದ ರಾಜ ಕೃಷ್ಣಪ್ಪ ನಾಯಕನ ಕಾಲದ ಜಗಳ ಬಿಡಿಸಲು ಹೋದವನು ಹನ್ನೆರಡು ವರ್ಷ ಉಳಿದ. ಪಟ್ಟದ ವಾರಸುದಾರ ವೆಂಕಟಪ್ಪ ನಾಯಕ ಆಗ ಏಳೆಂಟು ವರ್ಷದ ಕೂಸು. ತಾಯಿ ಈಶ್ವರಮ್ಮನಿಗೂ ಟೇಲರ್‌ಗೂ ಆಗಿಬರಲಿಲ್ಲ. ಆಕೆಯ ಕಡೆಯಿಂದ ನೋಡಿದರೆ ಮಗನ ರಾಜ್ಯವನ್ನು ಪರದೇಶಿಯೊಬ್ಬ ಆಳುತ್ತಿದ್ದ, ಕೋಪ ಬರದೇ ಇರುತ್ತಾ? ಆದರೂ ಬೋನಾಳ ಕೆರೆ ಅವನ ಕಾಲದಲ್ಲಿ ದೊಡ್ಡದಾಯಿತು, ಸಂಸ್ಥಾನದ ಸಾಲ ತೀರಿತು. ರಾಜನ್ ಕೋಳೂರು ಕಡೆಯ ಬೃಹತ್ ಶಿಲಾಗೋರಿಗಳ ಬಗ್ಗೆ ಅವನು ಬರೆದ ಲೇಖನಗಳನ್ನು ಪುರಾತತ್ವದವರು ಇವತ್ತಿಗೂ ನೆನೆಯುತ್ತಾರೆ. ಹುಡುಗ ದೊರೆ ಅವನನ್ನು ಅಪ್ಪ ಅಂತಲೇ ಕರೆಯುತ್ತಿದ್ದ. 1853ರಲ್ಲಿ ರಾಜ್ಯ ವೆಂಕಟಪ್ಪನ ಕೈಗೆ ಬಂತು, ಟೇಲರ್ ನಳದುರ್ಗಕ್ಕೆ ಹೋದ. ನಿಜಾಮ ಬ್ರಿಟಿಷರಿಗೆ ಬಿಟ್ಟುಕೊಟ್ಟ ಜಿಲ್ಲೆಗಳ ಡೆಪ್ಯುಟಿ ಕಮಿಷನರ್ ಆಗಿ, ಹುಡುಗನಾಗಿದ್ದಾಗ ಕುದುರೆ ಓಡಿಸಿದ ಅದೇ ಸೀಮೆಗೆ. 1857ರಲ್ಲಿ ಅಲ್ಲಿಂದ ಬೆರಾರ್‌ನ ಬುಲ್ಡಾಣಾಕ್ಕೆ.

1858ರ ಫೆಬ್ರವರಿಯಲ್ಲಿ ಸುರಪುರ ಸಿಡಿಯಿತು. ವೆಂಕಟಪ್ಪ ನಾಯಕನ ಪಡೆ ಬ್ರಿಟಿಷರ ಮೇಲೆ ಬಿತ್ತು, ಸೋತಿತು. ರಾಜ ಹೈದರಾಬಾದಿಗೆ ಓಡಿದ, ಅಲ್ಲಿ ಸಿಕ್ಕಿಬಿದ್ದ, ದಿವಾನ್ ಸಾಲಾರ್ ಜಂಗ್ ಅವನನ್ನು ರೆಸಿಡೆಂಟ್‌ಗೆ ಒಪ್ಪಿಸಿದ. ಈ ಹುಡುಗನ ಹಿಂದೆ ಹೈದರಾಬಾದಿನ ದೊಡ್ಡವರು ಯಾರಿದ್ದಾರೆ ಅನ್ನೋದು ಬ್ರಿಟಿಷರಿಗೆ ತಿಳಿಯಬೇಕಿತ್ತು. ಹೆಸರು ಬೇಕಿತ್ತು. ಅದಕ್ಕೆ ಯಾರನ್ನು ಕಳಿಸಬೇಕು? ನೂರಾರು ಕೈದಿಗಳ ಬಾಯಿಂದ ಹೆಸರು ತೆಗೆದ ಅನುಭವ ಇದ್ದವನನ್ನು, ಅದೂ ಕೈದಿ ಅಪ್ಪ ಅಂತ ಕರೆಯುವವನನ್ನು.

ಟೇಲರ್ ಸೆರೆಮನೆಗೆ ಹೋದ. ಇಪ್ಪತ್ನಾಲ್ಕರ ಆಸುಪಾಸಿನ ಹುಡುಗ ಅವನನ್ನು ಕಂಡು ಅತ್ತ, ಬಳಿ ಬಂದ. ತಪ್ಪೊಪ್ಪಿಕೊಂಡು ಪ್ರೇರೇಪಿಸಿದವರು ಯಾರು ಅಂತ ಹೇಳಿದರೆ ಜೀವ ಉಳಿಯುವ ದಾರಿ ಇದೆ ಅಂತ ಟೇಲರ್ ತಿಳಿಹೇಳಿದ. ಮೂವತ್ತು ವರ್ಷಗಳಲ್ಲಿ ಆ ಮಾತಿಗೆ ಎಷ್ಟು ಜನ ಬಾಯಿ ಬಿಟ್ಟಿದ್ದರೋ. ವೆಂಕಟಪ್ಪ ನಾಯಕ ಬಿಡಲಿಲ್ಲ. ಜೀವಭಿಕ್ಷೆ ಬೇಡುತ್ತಾ ಹೇಡಿಯಂತೆ ಬದುಕಲಾರೆ, ಜೊತೆಗಿದ್ದವರ ಹೆಸರು ಮಾತ್ರ ಬಾಯಿಂದ ಬರೋದಿಲ್ಲ ಅಂದ. ಕಳ್ಳನಂತೆ ನೇಣಿಗೆ ಹಾಕಬೇಡಿ, ಫಿರಂಗಿ ಬಾಯಿಗೆ ಕಟ್ಟಿ ಅನ್ನೋದಷ್ಟೇ ಅವನ ಕೋರಿಕೆ.

ಮರಣದಂಡನೆ ಮೊದಲು ಗಡಿಪಾರಿಗೆ ಇಳಿಯಿತು, ಆಮೇಲೆ ಚೆಂಗಲ್ಪಟ್ಟಿನಲ್ಲಿ ನಾಲ್ಕು ವರ್ಷದ ಸೆರೆಗೆ ಇಳಿಯಿತು. ನಡತೆ ಚೆನ್ನಾಗಿದ್ದರೆ ರಾಜ್ಯವೂ ಮರಳಬಹುದಿತ್ತು. ಟೇಲರ್ ಓಡಾಟವೂ ಇದರ ಹಿಂದಿತ್ತು. ಆದರೆ ಚೆಂಗಲ್ಪಟ್ಟಿನ ದಾರಿಯಲ್ಲಿ, ಬೆಂಗಾವಲಿನ ಅಧಿಕಾರಿಯ ಪಿಸ್ತೂಲಿನ ಗುಂಡಿಗೆ ವೆಂಕಟಪ್ಪ ನಾಯಕ ಸತ್ತ. ತಾನೇ ಹೊಡೆದುಕೊಂಡ ಅಂತ ದಾಖಲೆ ಹೇಳುತ್ತದೆ. ಸುರಪುರದಲ್ಲಿ ಅದನ್ನು ನಂಬದವರು ಈಗಲೂ ಇದ್ದಾರೆ. 1860ರಲ್ಲಿ ಸಂಸ್ಥಾನ ನಿಜಾಮನ ಪಾಲಾಯಿತು. ಅದೇ ವರ್ಷ ಆರೋಗ್ಯ ಕೆಟ್ಟ ಟೇಲರ್ ನೌಕರಿ ಮುಗಿಸಿ ಇಂಗ್ಲೆಂಡಿಗೆ ಹೊರಟ.

ಉಳಿದದ್ದು ಬರವಣಿಗೆ. 'ತಾರಾ', 'ರಾಲ್ಫ್ ಡಾರ್ನೆಲ್', 'ಸೀತಾ', ಚಾಂದ್ ಬೀಬಿಯ ಮೇಲಿನ 'ಎ ನೋಬಲ್ ಕ್ವೀನ್'. ಕಣ್ಣು ಮಂಜಾದ ಮೇಲೂ 1875ರಲ್ಲಿ ಒಮ್ಮೆ ಹೈದರಾಬಾದಿಗೆ ಬಂದು ಜ್ವರ ಹತ್ತಿಸಿಕೊಂಡ. ಮನೆ ತಲುಪಲಿಲ್ಲ. 1876ರ ಮೇ 13ರಂದು ಫ್ರಾನ್ಸಿನ ಮೆಂಟೋನ್‌ನಲ್ಲಿ ತೀರಿಕೊಂಡ. ಠಗ್ಗಿ ಮತ್ತು ಡಕಾಯಿತಿ ಇಲಾಖೆ ಅವನಿಗಿಂತ ಹೆಚ್ಚು ಕಾಲ ಬದುಕಿತು. 1904ರಲ್ಲಿ ಕರ್ಜನ್ ಕಾಲದಲ್ಲಿ ಅದನ್ನು ಕೇಂದ್ರ ಅಪರಾಧ ಗುಪ್ತಚರ ಇಲಾಖೆಯಾಗಿ ಬದಲಿಸಿದರು, ಅದು ಸ್ವಾತಂತ್ರ್ಯ ಹೋರಾಟಗಾರರ ಹೆಸರು ಬರೆದುಕೊಳ್ಳತೊಡಗಿತು.

ಟೇಲರ್ ಸತ್ತ ಮರುವರ್ಷ ಮಗಳು ಆಲಿಸ್ ಅವನ ಆತ್ಮಕಥೆಯನ್ನು ಅಚ್ಚು ಹಾಕಿಸಿದಳು. ಸೆರೆಮನೆಯಲ್ಲಿ ವೆಂಕಟಪ್ಪ ನಾಯಕ ಹೆಸರು ಹೇಳಲು ಒಪ್ಪದ ಸಂಗತಿ ಲೋಕಕ್ಕೆ ಗೊತ್ತಾದದ್ದು ಆ ಪುಸ್ತಕದಿಂದ. ಕೇಳಲು ಹೋಗಿದ್ದವನೇ ಅದನ್ನು ಬರೆದಿಟ್ಟಿದ್ದ.